ತಿರುಪು

ಲ್ಯಾಪ್‌ಟಾಪಿನ ಪಕ್ಕ ಅಂಗೈಯಗಲದ ಕಪ್ಪು ಪೆಟ್ಟಿಗೆ.
ಎಂಟು ತಿರುಪು. ಮೂರಕ್ಕಷ್ಟೇ ಹೆಸರಿಟ್ಟಿದ್ದೇನೆ,
ಬ್ಯಾಂಡೇಜು ಪಟ್ಟಿಯ ಮೇಲೆ ಬಾಲ್‌ಪೆನ್ನಿನಲ್ಲಿ:
ಅಲೆ. ಎಳೆತ. ಕನ್ನಡಿ.
ಉಳಿದವು ಏನು ಮಾಡುತ್ತವೋ,
ಜನರೆದುರು ತಿರುಗಿಸಿ ನೋಡುವ ಧೈರ್ಯ ಇಲ್ಲ.

ಗಾಂಧಿ ಬಜಾರಿನ ಹಿಂದಿನ ಸಭಾಭವನ, ಭಾನುವಾರ.
ಅಚ್ಚುಕೂಟದ ಕೆಲಸಗಾರರ ಸಂಘಕ್ಕೆ ಐವತ್ತು ತುಂಬಿದೆ.
ನನ್ನನ್ನು ಕರೆದದ್ದು ‘ಏನಾದರೂ ಹೊಸದಿರಲಿ’ ಅಂತ.
ಮೂರು ಸಾವಿರ, ಊಟ, ಹೋಗಿಬರುವ ಆಟೋ.
ಕ್ಯಾಮೆರಾ ಇಮ್ತಿಯಾಝ್‌ನದು.
ಅವನು ನೋಡಿದ್ದು ನನ್ನ ಬೆರಳ ಸಂದಿಯಿಂದ ಹಾದು
ಎವೆ ಬಡಿಯುವಷ್ಟು ತಡವಾಗಿ ಪರದೆಗೆ ಬೀಳುತ್ತದೆ.
ಆ ಒಂದು ಎವೆಯಷ್ಟು ಹೊತ್ತು
ಸಭೆಯೆಲ್ಲ ನನ್ನ ಕೈಯಲ್ಲಿ.

ಸ್ವಾಗತ ಹಾಡಿದ ಹುಡುಗಿಯರಿಗೆ ಅಲೆ ಕೊಟ್ಟೆ.
ಜಡೆ, ಸೆರಗು, ಬೆನ್ನ ಹಿಂದಿನ ಕಾಗದದ ಬಾವುಟ,
ಎಲ್ಲ ತೇಲಿದವು,
ಕೋರ್ಪಲಯ್ಯನ ಛತ್ರದ ಮೆಟ್ಟಿಲಲ್ಲಿ ಮುಳುಗಿ
ತುಂಗೆಯೊಳಗೆ ಕಣ್ಣು ಬಿಟ್ಟ ಹಾಗೆ.

ಅಧ್ಯಕ್ಷರು ನಿಂತರು. ಎರಡನೇ ತಿರುಪು.
‘ಇನ್ನೆರಡೇ ಮಾತು’ ಅಂದಾಗೊಮ್ಮೆ ಒಂದು ಗೆರೆ ಮುಂದಕ್ಕೆ.
ಮೂಗು ಮೈಕು ದಾಟಿತು, ಹಾರ ದಾಟಿತು,
ಮಕ್ಕಳು ಕುರ್ಚಿ ಹತ್ತಿ ಕುಣಿದರು.
ಅವರು ಹಿಂದಿರುಗಿ ನೋಡುವಷ್ಟರಲ್ಲಿ ಸೊನ್ನೆಗೆ ತಂದೆ:
ಪರದೆಯಲ್ಲಿ ಒಬ್ಬ ನೆಟ್ಟಗಿನ ಮನುಷ್ಯ,
ನಮಗೆ ಬೆನ್ನು ಹಾಕಿ ತನ್ನನ್ನೇ ಹುಡುಕುತ್ತಿದ್ದ.

ಆಮೇಲೆ ಗುತ್ಯಪ್ಪ.
ಸೊರಬದ ಕಡೆಯವರು, ಎಂಬತ್ತೊಂದು.
ಹದಿನಾರಕ್ಕೆ ಬಂದು, ಪ್ರೆಸ್ಸಿಗೆ ಬೀಗ ಬೀಳುವ ತನಕ
ಮೊಳೆ ಜೋಡಿಸಿದವರು.
ಮೇಜಿನ ಮೇಲೆ ಹಳೆಯ ಕೇಸು, ಒಂದು ಸ್ಟಿಕ್ಕು, ಚಿಮಟ.
‘ಒಂದು ಪದ ಜೋಡಿಸಿ ತೋರಿಸಿ.’
ಇಮ್ತಿಯಾಝ್ ಎದುರಿನಿಂದ ಕೈಗೆ ಹತ್ತಿರ ಹೋದ.

ಪರದೆ ತುಂಬ ಕೈ. ಕೈ ತುಂಬ ನಡುಕ.
ಸಭೆ ನಕ್ಕಿತು.
‘ಏಯ್, ಅಲೆ ತೆಗಿಯೇ,’ ಇಮ್ತಿಯಾಝ್ ಹಲ್ಲು ಕಚ್ಚಿದ.
ನೋಡಿದೆ. ಅಲೆ ಸೊನ್ನೆಯಲ್ಲಿತ್ತು.
ಎಳೆತ ಸೊನ್ನೆಯಲ್ಲಿತ್ತು.
ಎರಡೂ ಕೈ ಮೇಲೆತ್ತಿ ತೋರಿಸಿದೆ, ಪೊಲೀಸರಿಗೆ ಸಿಕ್ಕವಳಂತೆ.

ನಡುಕ ಕೇಸಿನ ಅಂಚಿನವರೆಗೆ ಮಾತ್ರ.
ಗೂಡಿನೊಳಗೆ ಇಳಿದದ್ದೇ ಬೆರಳಿಗೆ ವಯಸ್ಸು ಮರೆತುಹೋಯಿತು.
ಟಿಕ್, ಟಿಕ್, ಟಿಕ್.
ಏನು ಜೋಡಿಸಲಿ ಎಂದು ಕೇಳಲೂ ಇಲ್ಲ,
ಎಷ್ಟು ಸಾವಿರ ಮದುವೆ ಕಾಗದದ ಕೊನೆಗೆ ಕೂರಿಸಿದ್ದೋ,
ಅದೇ ಬಂತು.
ಮೊಳೆಯಲ್ಲವೇ, ಎಲ್ಲ ಬಲದಿಂದೆಡಕ್ಕೆ.
ಮೂರನೇ ತಿರುಪು ಹಾಕಿದೆ, ಮೊದಲ ಸಲ
ಯಾರಿಗಾದರೂ ಉಪಕಾರವಾಗಲೆಂದು:
ಆಗಮನಾಬಿಲಾಷಿಗಳು.
ಚಪ್ಪಾಳೆಯೋ ಚಪ್ಪಾಳೆ.

ಅಜ್ಜ ಕನ್ನಡಕ ಹಣೆಗೇರಿಸಿ ಪರದೆಯತ್ತ ಕತ್ತು ಚಾಚಿದರು.
‘ಇದನ್ಯಾಕೆ ಉಲ್ಟಾ ಮಾಡಿದ್ಯೇ ಮಾರಾಯ್ತಿ?’
‘ಉಲ್ಟಾ ಅಲ್ಲಜ್ಜ, ಈಗ ಸರಿಯಿದೆ.’
‘ನಿನಗೆ ಸರಿ. ಸರಿ ಇದ್ರೆ ಓದಿಬಿಡ್ತೀವಿ.
ಓದಿದ್ರೆ ತಪ್ಪು ಎಲ್ಲಿ ಕಾಣ್ತದೆ? ತೆಗಿ ಅದನ್ನ.’

ತೆಗೆದೆ.
ಮತ್ತೆ ಯಾರಿಗೂ ತಿಳಿಯದ ಸೀಸದ ಸಾಲು.
ಅವರ ಕಣ್ಣು ಒಂದೊಂದೇ ಮೊಳೆಯ ಮೇಲೆ
ಕಾಲಿಟ್ಟು, ಕಾಲೆತ್ತಿ, ಆರನೆಯದರ ಹತ್ತಿರ ಬಂದು ನಿಂತಿತು.
‘ಇಲ್ನೋಡು. ಹೊಟ್ಟೆ ಸೀಳಿಲ್ಲ.’
ಚಿಮಟದಿಂದ ಬಿ ಎತ್ತಿದರು, ಭಿ ಇಳಿಸಿದರು.
ಆ ಹೊತ್ತಿಗೆ ಊಟದ ಮನೆಯ ಬಾಗಿಲು ತೆರೆದಿತ್ತು,
ಇನ್ನೂ ಕೂತವರು ಹತ್ತೋ ಹನ್ನೆರಡೋ ಮಂದಿ.

ರಾತ್ರಿ ರೆಕಾರ್ಡಿಂಗು ಹಾಕಿಕೊಂಡು ನೋಡಿದೆ.
ತಿರುಪು ತಟ್ಟುವ ಮೊದಲಿನದು ಅದು, ಕ್ಯಾಮೆರಾ ಕೊಟ್ಟ ಹಾಗೇ.
ಹುಡುಗಿಯರು ಒಣಗಿದ್ದಾರೆ.
ಅಧ್ಯಕ್ಷರ ಮೂಗು ಅಷ್ಟಕ್ಕಷ್ಟೇ.
ಕೈ ಮಾತ್ರ ನಡುಗುತ್ತದೆ, ಯಾರ ಹಂಗಿಲ್ಲದೆ.
ಸದ್ದು ಲ್ಯಾಪ್‌ಟಾಪಿನದೇ ಮೈಕಿನದು.
ದೂರದಲ್ಲಿ ಸಭೆಯ ನಗು.
ಅದಕ್ಕೂ ಮೊದಲು, ಮೈಕಿಗೆ ತೀರಾ ಹತ್ತಿರ, ಒಬ್ಬಳದು.
ತಿರುಗಿಸಿ ತಿರುಗಿಸಿ ಕೇಳಿದೆ.