ಲಾಳದವನ ಸಾಕ್ಷಿ

ಜಾಗ ನೋಡಲು ನೀನೂ ಬಾ ಎಂದಳು ರೋಜೆಲ್ಲಾ.
ನಾನೇಕೆ? ಲಾಳ ಹೊಡೆಯುವವ ನಾನು,
ಮಿಸೌರಿಯ ಈ ಗುಡ್ಡಗಳಲ್ಲಿ ಮೂವತ್ತು ವರ್ಷ
ಬಗ್ಗಿಕೊಂಡೇ ಲೋಕ ನೋಡಿದವ.
ಜನಕ್ಕೆ ಕುದುರೆ ಕಂಡರೆ ಕಾಲುನೋವು, ನನಗೆ ಬೆನ್ನುನೋವು.
'ಅದಕ್ಕೇ' ಎಂದಳು. 'ಮಿಕ್ಕವರೆಲ್ಲ ನಿಂತು ನೋಡುತ್ತಾರೆ.'

ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿ
ಕೂಡಿಟ್ಟ ದುಡ್ಡು. ಎರಡು ಕುದುರೆ:
ಒಂದಕ್ಕೆ ಎಡಗಣ್ಣಿಲ್ಲ, ಇನ್ನೊಂದಕ್ಕೆ ತಾಳ್ಮೆಯಿಲ್ಲ.

ಮೊದಲ ಜಾಗದಲ್ಲಿ ದಲ್ಲಾಳಿ ತೋರಿಸಿದ್ದು ಸೂರ್ಯಾಸ್ತ.
ನಾನು ನೋಡಿದ್ದು ಲಾಯದೊಳಗೆ ಹಾಸಿದ
ಕರಿ ವಾಲ್‌ನಟ್ ಮರದ ಹೊಟ್ಟು.
ಅದರ ಮೇಲೆ ನಿಂತ ಕುದುರೆಯ ಕಾಲು
ಬೆಳಗಾಗುವುದರೊಳಗೆ ಊದಿರುತ್ತದೆ.
ಎರಡನೆಯದರಲ್ಲಿ ಹುಲ್ಲು ಮೊಣಕಾಲುದ್ದ, ಹಸಿರೋ ಹಸಿರು.
ದಪ್ಪಗಿನ ಕುದುರೆಗೆ ಅದು ಬಾಯಿಗೆ ಸಕ್ಕರೆ,
ಗೊರಸಿನೊಳಗೆ ಬೆಂಕಿ.
ಮೂರನೆಯದಕ್ಕೆ ಬಿಳಿ ಹಲಗೆಯ ಬೇಲಿ, ಎಲ್ಲ ಚೆಂದ.
ಕಾಡಿನ ದಾರಿ ಸಿಗಲು ಮಾತ್ರ
ಮರದ ಲಾರಿಗಳ ಜೊತೆ ನಾಲ್ಕು ಮೈಲಿ ಡಾಂಬರು.
ನಾಲ್ಕನೆಯದರ ಮರದ ಕವಲಿನಲ್ಲಿ,
ನನ್ನ ತಲೆಗಿಂತ ಒಂದು ಗೇಣು ಮೇಲೆ,
ಜೋಳದ ದಂಟು ಸಿಕ್ಕಿಕೊಂಡಿತ್ತು.
ಹೊಳೆ ಬಿಟ್ಟುಹೋದ ಗುರುತು.
ದಲ್ಲಾಳಿ ಅತ್ತ ತಿರುಗಿ ಹಕ್ಕಿ ನೋಡಿದ.

ಅವಳು ಕೇಳುತ್ತಿದ್ದದ್ದು ಒಂದೇ:
'ಗೇಟು ತೆಗೆದರೆ ಕಾಡು ಇದೆಯೇ?'
ಗಾಡಿಗೆ ಹತ್ತಿಸಿ, ಇಳಿಸಿ, ಮತ್ತೆ ಹತ್ತಿಸಿ...
'ನನ್ನ ಸೊಂಟಕ್ಕೆ ಇನ್ನು ಅಷ್ಟು ಭಾನುವಾರಗಳಿಲ್ಲ.'

ಐದನೆಯದು ಕಣ್ಣಿಗೆ ಏನೂ ಅಲ್ಲ.
ಹನ್ನೊಂದು ಎಕರೆ ಕಲ್ಲು, ಸೀಡರ್ ಪೊದೆ,
ತುಕ್ಕಿನ ರುಚಿಯ ಬಾವಿ.
ಮೂರು ದಿನ ಮಳೆ ಹೊಡೆದಿತ್ತು;
ಮಂಡಿಯೂರಿ ಬೆರಳು ಚುಚ್ಚಿದೆ, ಇಳಿಯಲಿಲ್ಲ.
ಕೆಸರಿಲ್ಲ. ನೀರು ಇಳಿಜಾರು ಹಿಡಿದು ಹೋಗಿಯಾಗಿದೆ.
'ಗೊರಸು ಗಟ್ಟಿಯಾಗುವ ನೆಲ' ಎಂದೆ, ಬೇರೇನೂ ಹೇಳಲಿಲ್ಲ.

ಹಿಂದೆ ಸರ್ಕಾರದ ಕಾಡು,
ಅರವತ್ತು ಮೈಲಿ ಸವಾರಿಯ ದಾರಿ.
ನಡುವೆ ನಲವತ್ತು ಅಡಿಯ ಒಂದು ಪಟ್ಟಿ,
ಹೋಬರ್ಟ್ ಲೆಡ್‌ಬೆಟರನದು, ಮುಳ್ಳುತಂತಿ ಸಮೇತ.

'ಎಲ್ಲರೂ ದಾಟುತ್ತಾರೆ, ಅವನು ಏನೂ ಅನ್ನುವುದಿಲ್ಲ'
ಎಂದ ದಲ್ಲಾಳಿ.
ಜಾಗದ ವ್ಯವಹಾರದಲ್ಲಿ
ಇದಕ್ಕಿಂತ ದುಬಾರಿ ಮಾತು ನಾನು ಕೇಳಿಲ್ಲ.
ಏನೂ ಅನ್ನದ ಅಪ್ಪ ಸತ್ತ ಮರುವಾರ
ಮಗ ಬಂದು ಬೀಗ ಜಡಿದದ್ದನ್ನು
ನಾನು ಮೂರು ಕಡೆ ಕಂಡಿದ್ದೇನೆ.

ಅವಳು ಅಳತೆಯ ಟೇಪು ಹಿಡಿದು
ಮುದುಕನ ಜಗಲಿಗೆ ಹೋದಳು.
'ಸಾಯುವ ತನಕ ದಾರಿ ನಿನ್ನದು, ನನ್ನ ಮಾತು' ಎಂದ.
'ಯಾರು ಸಾಯುವ ತನಕ?' ಎಂದಳು.
ಕೆಮ್ಮು ಬರುವಷ್ಟು ನಕ್ಕ.

ಕೋರ್ಟಿನ ಪುಸ್ತಕದಲ್ಲಿ ಈಗ
ಹನ್ನೆರಡು ಅಡಿ ಅಗಲದ ದಾರಿ, ಮೊಹರು ಸಮೇತ.
ತನ್ನ ಹೆಸರು ಬೇಡವೆಂದು ಹಟ ಹಿಡಿದು
ನೆಲದ ಹೆಸರಿಗೇ ಬರೆಸಿದಳು ಹಕ್ಕನ್ನು:
ಅವಳು ಹೋದರೂ ಇರಲಿ, ಅವನು ಹೋದರೂ ಇರಲಿ.
ಬದಲಿಗೆ, ಜಿಂಕೆ ಬೇಟೆಯ ದಿನಗಳಲ್ಲಿ ಸವಾರಿಯಿಲ್ಲ;
ಮತ್ತೆ, ಇದು ಪುಸ್ತಕದಲ್ಲಿಲ್ಲ,
ಮಂಗಳವಾರ ಮುದುಕನ ಕಣ್ಣಿನ ಆಸ್ಪತ್ರೆಗೆ
ಅವಳೇ ಚಾಲಕಿ. ಸೀಟಿನಲ್ಲಿ ನೆಟ್ಟಗೆ ಕೂರು
ಎಂದು ಅವನನ್ನೂ ಗದರುತ್ತಾಳಂತೆ.

ನನಗೆ ಸಿಕ್ಕಿದ್ದು ಮೂವತ್ತೆಂಟು ಮೈಲಿ,
ಆರು ವಾರಕ್ಕೊಮ್ಮೆ, ಜಲ್ಲಿಯ ರಸ್ತೆ.
ಗೊಣಗುತ್ತಾ ಒಕ್ಕಣ್ಣಿಯ ಮುಂಗಾಲು ಎತ್ತಿದೆ.
ಗೊರಸಿನ ಸಂದಿನಲ್ಲಿ ಪೈನ್ ಸೂಜಿ,
ಒಂದು ಚೂರು ಚಕಮಕಿ ಕಲ್ಲು,
ಮತ್ತೆ ಆ ಕೆಂಪು ಜೇಡಿ. ಅದು ನನಗೆ ಗೊತ್ತು,
ಒಂಬತ್ತು ಮೈಲಿ ಒಳಗಿನ ಹಳ್ಳದ್ದು,
ಬೇರೆಲ್ಲೂ ಇಲ್ಲ.

'ಲಾಳ ಪೂರಾ ಸವೆದಿದೆ' ಎಂದೆ. 'ಖರ್ಚು ಜಾಸ್ತಿ.'
'ಹೊಡಿ' ಎಂದಳು.