ಇತರೆ

ಮೊದಲ ಹತ್ತು ಪುಟ ನನ್ನ ಕೈಬರಹವಲ್ಲ.
ಪಶು ಆಸ್ಪತ್ರೆಯ ಕಾಂಪೌಂಡರ್ ಪಿಳ್ಳಪ್ಪ
ಔಷಧಿ ಚೀಟಿಯ ಬೆನ್ನಿಗೆ ಬರೆದು ಅಂಟಿಸಿದ್ದು:
ಕೊಕ್ಕರೆ ಒಂದು. ಎಡಗಾಲು. ಬ್ಲೇಡಿಗೆ ಎರಡು ರೂಪಾಯಿ.

ಕೆರೆಯ ಕೋಡಿಯಲ್ಲಿ ಸಿಕ್ಕಿತ್ತಂತೆ.
ಕಾಲಿಗೆ ಸುತ್ತಿ ಮಾಂಸಕ್ಕಿಳಿದದ್ದು
ಗಾಳಿಪಟದ ದಾರವಲ್ಲ, ನಮ್ಮದೇ ರೇಷ್ಮೆಯ ಸಿಕ್ಕು.
ಶಿಡ್ಲಘಟ್ಟದ ನೂಲು ಸುಲಭಕ್ಕೆ ಹರಿಯೋದಿಲ್ಲ ಅಂತ
ಬಂದ ನೆಂಟರಿಗೆಲ್ಲ ಹೇಳುತ್ತಿದ್ದವರು ನಾವೇ.

ಪ್ಲಾಸ್ಟಿಕ್ ಚಂದ್ರಿಕೆ ಬಂದ ವರ್ಷ ಅದು.
ಬಿದಿರಿನವು ಹಿತ್ತಿಲಲ್ಲಿ ಒಲೆಗೆ ಕಾಯುತ್ತಿದ್ದವು.
ನಾಲ್ಕು ತಂದು ನಿಲ್ಲಿಸಿ ಹುರಿ ಬಿಗಿದರು,
ಅದೇ ಬೇಲಿ, ಅದೇ ಬಾಗಿಲು.
ಮೀನಿಗೆ ದುಡ್ಡೆಲ್ಲಿ?
ಜೈಬುನ್ನಿಸಾ ತನ್ನ ಫಿಲೇಚರಿನಿಂದ
ಬೆಂದ ಹುಳ ಒಂದು ಬಕೆಟ್ ಕಳಿಸಿದಳು.
ಬೀದಿ ಮೂಗು ಮುಚ್ಚಿತು,
ಕೊಕ್ಕರೆ ಬಾಯಿ ತೆರೆಯಿತು.

ಆಮೇಲೆ ಕರೆಯದೆಯೇ ಬಂದವು:
ಪಾಳುಬಾವಿಗೆ ಬಿದ್ದ ನರಿ,
ಕರೆಂಟು ತಗುಲಿ ರೆಕ್ಕೆ ಸುಟ್ಟ ನವಿಲು,
ನಾಯಿಗಳ ಬಾಯಿಂದ ಬಿಡಿಸಿದ ಜಿಂಕೆಮರಿ.
ಅದು ಹಿಪ್ಪುನೇರಳೆ ಬಿಟ್ಟು ಬೇರೆ ಮೂಸಲಿಲ್ಲ,
ನಮ್ಮೂರಲ್ಲೇ ಹುಟ್ಟಿದ ಹಾಗೆ.

ಗೂಡಿನ ಮಾರುಕಟ್ಟೆಯಲ್ಲಿ ಲಾಟಿಗೊಂದು ರೂಪಾಯಿ ಅಂತಾಯಿತು.
ಹರಾಜು ಕೂಗುವ ಅಶ್ವತ್ಥರೆಡ್ಡಿ
ಕೊಡದವರ ಹೆಸರನ್ನು ಎರಡೆರಡು ಸಲ ಕೂಗುತ್ತಿದ್ದ.
ಹನ್ನೊಂದನೇ ಪುಟದಿಂದ ಲೆಕ್ಕ ನನ್ನದು.

ಪರವಾನಗಿಯ ಅರ್ಜಿ ಬಂದಾಗ
ಮಾಲೀಕರು ಯಾರು ಅಂದರು ಇಲಾಖೆಯವರು.
ಒಬ್ಬರ ಮುಖ ಒಬ್ಬರು ನೋಡಿದೆವು.
ಗುಮಾಸ್ತನಿಗೆ ಬಸ್ಸಿನ ಹೊತ್ತಾಗಿತ್ತು;
'ಇತರೆ' ಅನ್ನುವ ಚೌಕಕ್ಕೊಂದು ಗೀಟು ಹಾಕಿ ಎದ್ದ.
ಈಗ ಗೇಟಿನ ಮೇಲೆ ಮಾರುದ್ದದ ಹೆಸರಿದೆ.
ಊರಿನವರು ಮಾತ್ರ
ಮಕ್ಕಳನ್ನು ಸೈಕಲ್ಲಿಗೆ ಹತ್ತಿಸಿಕೊಂಡು
"ಇತರೆಗೆ ಹೋಗಿ ಬರ್ತೀವಿ" ಅಂತಾರೆ.

ಪಿಳ್ಳಪ್ಪ ಹೋಗಿ ಆರು ವರ್ಷ.
ಮೊದಲ ಕೊಕ್ಕರೆಯೂ ಇಲ್ಲ, ಬೇರೆ ಮೂರಿವೆ.
ಬಕೆಟ್ ಮಾತ್ರ ಅದೇ, ಹಿಡಿ ಬದಲಾಗಿದೆ.

ಹೋದ ಭಾನುವಾರ ಅದನ್ನು ಹೊತ್ತು ತಂದವಳು
ಜೈಬುನ್ನಿಸಾಳ ಮೊಮ್ಮಗಳು ಶಾಹೀನಾ.
ಕೊಕ್ಕರೆಗಳು ತಿಂದು ಮುಗಿಸುವವರೆಗೂ ನಿಂತಿದ್ದು ಕೇಳಿದಳು:
"ಇವಕ್ಕೆ ನಾವು ಗೂಡು ಕಟ್ಟಿದ್ವಿ.
ಹುಳ ತನ್ನ ಗೂಡು ತಾನೇ ಕಟ್ಕೊಂಡಿತ್ತಲ್ಲ,
ಅದನ್ನ ಯಾಕೆ ಬಿಚ್ಚಿದ್ವಿ?"

ಪಿಳ್ಳಪ್ಪ ಇದ್ದಿದ್ದರೆ ಏನಾದರೂ ಅನ್ನುತ್ತಿದ್ದ.
ನಾನು ಪುಸ್ತಕ ತೆರೆದು ಅಂದಿನದು ಬರೆದೆ.
ಹುಳ, ಒಂದು ಬಕೆಟ್. ಬಾಬ್ತು, ದಾನ.
ಕೊಟ್ಟವರು ಅನ್ನುವ ಕಡೆ
ಇಷ್ಟು ವರ್ಷ ಜೈಬುನ್ನಿಸಾ ಅಂತ ಬರೆದ ಪೆನ್ನು
ಸ್ವಲ್ಪ ಹೊತ್ತು ಸುಮ್ಮನೆ ನಿಂತಿತ್ತು.