ಕಡತ

ಮಾಘ ಬಹುಳ ತದಿಗೆ. ಚೊಳಚಗುಡ್ಡ.
ಮಲಪ್ರಭೆ ದಾಟಿ ಬಂದವರು, ಮೂಡಣಕ್ಕೆ ಹೊರಟವರು:
ಕುದುರೆ, ಅವರ ಬಾಯಿಂದ ಮುನ್ನೂರು,
ನನ್ನ ಬೆರಳಿಂದ ಇನ್ನೂರ ಹತ್ತು.
ತೋಪು ನಾಲ್ಕು. ಎಳೆಯುವ ಎತ್ತು ಐವತ್ತಾರು.
ಅವು ಮೇದ ಕಣಕಿ ಅರವತ್ತು ಹೊರೆ.
"ಗೆದ್ದ ಮ್ಯಾಲೆ ರೊಕ್ಕಾ ಕೊಡ್ತೀವಿ, ಕುಲಕರ್ಣ್ಯಾರ,"
ಅಂದ ಜಮಾದಾರ,
ನಮ್ಮೂರ ಬೆಣ್ಣೆ ಮೀಸೆಗೆ ಸವರಿಕೊಳ್ಳುತ್ತ.

ಇದ್ದಲಿ, ಹುಣಸೆಬೀಜದ ಅಂಟು ಬಳಿದ ಕರಿ ಅರಿವೆ,
ಮೇಲೆ ಬಳಪದ ಬಿಳಿ ಗೆರೆ.
ಅಪ್ಪ ಹೇಳುತ್ತಿದ್ದ: ಬರೆದದ್ದು ನೂರು ವರ್ಷ ಇರುತ್ತದೆ, ಸ್ವಾಮಿ,
ಹೋಗುವುದಕ್ಕೆ ಒಂದು ಒದ್ದೆ ಬೆರಳು ಸಾಕು.

ಷಷ್ಠಿಯ ದಿನ ಅದೇ ದೂಳು, ಮೂಡಣದಿಂದ.
ಸೋತಿಲ್ಲ, ಅಂದರು. ಸರಿದು ಹೊಡೆಯುವ ಹಂಚಿಕೆ.
ತೋಪು ಮೂರು.
ಊರ ಹೊರಗೆ ನೂರು ಒಲೆ ಹೊತ್ತಿಸಿದರು,
ನಮ್ಮ ಕುಳ್ಳು, ನಮ್ಮ ತೊಗರಿಕಟ್ಟಿಗೆ,
ಇಲ್ಲೇ ಮಲಗಿದ್ದಾರೆಂದು ಬೆನ್ನಟ್ಟಿದವರು ನಂಬಲಿ ಎಂದು.
ನಡುರಾತ್ರಿ ಎತ್ತಿನ ಗಂಟೆಗೆ ಹುಲ್ಲು ತುರುಕಿ
ಹೊಳೆಗುಂಟ ಸರಿದುಹೋದರು.
ಬೆಳತನಕ ಆ ಬೆಂಕಿ ಕಾಯಿಸಿಕೊಂಡದ್ದು
ಊರ ನಾಯಿಗಳು, ಮತ್ತು ತಳವಾರ ಕೆಂಚ.
ಯಾವ ಬಾಬಿಗೆ ಹಾಕಲಿ ಇದನ್ನು?
ಕುಳ್ಳು ಎರಡು ಸಾವಿರ. ಬೇಯಿಸಿದ್ದು ಏನೂ ಇಲ್ಲ.

ಕೆಂಪಂಗಿಯವರು ಬಂದರು. ಅರವ ಮಾತು.
ಬೂದಿಯಲ್ಲಿ ಕೈಯಿಟ್ಟು ನೋಡಿ ಏನೋ ಅಂದರು,
ಮಾತು ತಿಳಿಯಲಿಲ್ಲ, ಬೈಗುಳ ಅನ್ನುವುದು ತಿಳಿಯಿತು.
ಅವರ ಎತ್ತೂ ಕಣಕಿಯನ್ನೇ ತಿಂದವು.

ಆಮೇಲೆ ಇವರು ಹಿಂದೆ, ಅವರು ಮುಂದೆ,
ಅಮಾವಾಸ್ಯೆಗೆ ಅವರು ಹಿಂದೆ,
ಒಂದು ದಿನ ಬರೀ ಕುದುರೆಯ ಲದ್ದಿ, ಮನುಷ್ಯರಿಲ್ಲ.
ಬರೆಯುವುದು ಬಿಟ್ಟು ಕೆಂಚನ ತಾಯಿ ಸಾಂವಕ್ಕನನ್ನು ಕೇಳಿದೆ,
ಇದು ಬರುವ ದಂಡೋ, ಹೋಗುವ ದಂಡೋ?
ಬದನೆ ಹರಿಯುತ್ತಿದ್ದವಳು ತಲೆ ಎತ್ತಲಿಲ್ಲ:
"ಹಸದ್ರ ಬರ್ತಾವ, ಹೆದರಿದ್ರ ಹೊಕ್ಕಾವ.
ರೊಟ್ಟಿ ಮಾತ್ರ ಎರಡಕ್ಕೂ ಬೇಕು."

ಕೊನೆಯ ಸಲ, ತೋಪು ಒಂದೇ.
ಅಕಾಲದ ಮಳೆ, ಒಂದು ಗಳಿಗೆಯದು.
ಎರೆಹೊಲ ಗಾಲಿಯನ್ನು ಗುಂಭದ ತನಕ ನುಂಗಿತು, ಅಚ್ಚು ಮುರಿಯಿತು.
ತೋಪಿನ ಕಿವಿಗೆ ಮೊಳೆ ಜಡಿದರು,
ಎತ್ತು ಬಿಚ್ಚಿಕೊಂಡು ಹೋದರು.
ಗೋಲಂದಾಜನನ್ನು ಬಿಚ್ಚಿಕೊಳ್ಳಲಿಲ್ಲ.
ಹಟೇಲಸಾಬ, ತೆಲಸಂಗದವ,
ಗಾಲಿಯಡಿಗೆ ಸಿಕ್ಕ ಮೊಣಕಾಲು.
ಕೆಂಚ ಅವನನ್ನು ಕೌದಿಯಲ್ಲಿ ಎಳೆದು ತಂದ.

ರಾತ್ರಿ ದೀಪ ಹಚ್ಚಿ ಕೂತೆ.
ಬಂದವರ ಮನೆಯಲ್ಲಿ ಬರೆಯಲೆ? ಬಂದಿದ್ದಾನೆ, ನಿಜ.
ಹೋದವರ ಮನೆಯಲ್ಲಿ? ಹೋಗಿಲ್ಲ.
ಕಡತದಲ್ಲಿ ಮೂರನೆಯ ಮನೆ ಇಲ್ಲ.
ಕೆಳಗೆ, ಅಂಚಿನಲ್ಲಿ, ಬರೆದೆ:
ಗೋಲಂದಾಜ, ಒಬ್ಬ.

ಯುಗಾದಿ ಕಳೆದ ಮೇಲೆ ಹೊಸ ಸರಕಾರದ ಮುನಶಿ.
ಕಟ್ಟೆಯ ಮೇಲೆ ಜಮಖಾನೆ. ಮಡಿಕೆ ಮಡಿಕೆಯಾಗಿ ಕಡತ ಬಿಚ್ಚು ಅಂದ.
ಸೋತ ದಂಡಿನವರು ಯಾರಾದರೂ ಊರಲ್ಲಿ ಉಳಿದಿದ್ದಾರೆಯೆ?
ಇನ್ನೂ ಎರಡು ಮಡಿಕೆ.
ಅವನು ಮಜ್ಜಿಗೆಯ ತಂಬಿಗೆ ಎತ್ತಿದ,
ಮುಖ ಪೂರ್ತಿ ಮುಚ್ಚಿತು.
ನನ್ನ ಬೆರಳು ನಾಲಗೆಗೆ ಹೋಗಿ ಬಂತು.

ಈಗ ಅಲ್ಲಿರುವುದು:
ಬದನೆತೋಟಕ್ಕೆ ನೀರು ತಿರುವುವ ಆಳು, ಕುಂಟ. ದಿನಕ್ಕೆ ರೊಟ್ಟಿ ಎರಡು.
ಓರೆ ಬಿಸಿಲಿಗೆ ಹಿಡಿದರೆ
"ಗೋ" ಇನ್ನೂ ಕಾಣುತ್ತದೆ.
ಮುನಶಿ ನೆರಳಲ್ಲಿ ಕೂತಿದ್ದ.

ಅರವತ್ತು ಹೊರೆಯ ಬಾಕಿ ಕೇಳಿದೆ.
ಗೆದ್ದವರು ಕೊಡುತ್ತಾರೆ ಅಂದಿದ್ದರಲ್ಲ, ಧಣಿ,
ಗೆದ್ದವರು ನೀವು.